ಕತ್ತರಿಸುವ ಮುನ್ನ: ಸೊಸೆಗೊಂದು ಪತ್ರ

ಚಿ. ಮೇಧಾಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಟೋಕಿಯೊದಲ್ಲಿ ಕತಾಜೊಮೆ, ಅಂದರೆ ಕತ್ತರಿಸಿದ ಕಾಗದದ ಅಚ್ಚು (ಸ್ಟೆನ್ಸಿಲ್) ಇಟ್ಟು ಅಂಟು ಹಚ್ಚಿ ಬಣ್ಣ ಹಾಕುವ ಜಪಾನಿ ವಿದ್ಯೆ, ಕಲಿಯಲು ಸೇರಿಕೊಂಡೆ ಎಂದು ಓದಿ ತುಂಬ ಸಂತೋಷವಾಯಿತು. ಯಾರ ಕೆಲಸ ಮುಂದಿಟ್ಟುಕೊಂಡು ಅಭ್ಯಾಸ ಮಾಡಲಿ ಎಂದು ಕೇಳಿದ್ದೀಯಲ್ಲ, ಬೇರೆ ಯಾರನ್ನೂ ಹುಡುಕಬೇಡ, ಚಿತ್ರಕಾರ ಸದಾವೊ ವತನಾಬೆಯವರದ್ದನ್ನೇ ಹಿಡಿ. ಅವರ ಚಿತ್ರಗಳಲ್ಲಿ ಸ್ಟೆನ್ಸಿಲ್ ಎಲ್ಲೂ ಅಡಗಿ ಕೂತಿಲ್ಲ. ಯಾವುದನ್ನು ಕತ್ತರಿಸಿದರು, ಯಾವುದನ್ನು ಉಳಿಸಿದರು ಎಂಬುದನ್ನು ಕಣ್ಣಿನಿಂದಲೇ ಓದಬಹುದು.

ಅವರು ಹುಟ್ಟಿದ್ದು 1913ರಲ್ಲಿ, ಟೋಕಿಯೊದಲ್ಲೇ. ಚಿಕ್ಕಂದಿನಲ್ಲೇ ತಂದೆ ಹೋದರು. ಶಾಲೆ ಬಿಟ್ಟು ಬಟ್ಟೆಗೆ ಬಣ್ಣ ಹಾಕುವವರ ಹತ್ತಿರ ದುಡಿದರು. ಹದಿನೇಳನೇ ವಯಸ್ಸಿಗೆ ಕ್ರೈಸ್ತರಾದರು. ಆಮೇಲೆ ಸಿಕ್ಕ ಗುರು ಕೈಸುಕೆ ಸೆರಿಜಾವಾ. ಒಕಿನಾವಾದ ಬಿಂಗಾತಾ ಎಂಬ ಸ್ಟೆನ್ಸಿಲ್ ಬಣ್ಣದ ಬಟ್ಟೆಗೆ ಮನಸೋತು ಆ ವಿದ್ಯೆಯನ್ನು ಬೆಳೆಸಿದವರು, 1956ರಲ್ಲಿ ಜಪಾನ್ ಸರ್ಕಾರದಿಂದ ‘ಜೀವಂತ ರಾಷ್ಟ್ರೀಯ ನಿಧಿ’ ಎಂಬ ಗೌರವ ಪಡೆದವರು. ಶಿಷ್ಯ ಆ ವಿದ್ಯೆಯನ್ನು ಕಾಗದದ ಮೇಲೆ ತಂದು, 1996ರಲ್ಲಿ ತೀರಿಕೊಳ್ಳುವವರೆಗೂ ಬೈಬಲ್ಲಿನ ಕಥೆಗಳನ್ನೇ ಮಾಡುತ್ತ ಹೋದರು. ‘ಕಂಚಿನ ಸರ್ಪ’ ಚಿತ್ರಕ್ಕೆ 1958ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಹುಮಾನ ಬಂತು. ಅವರ ‘ಕಡೆಯ ಭೋಜನ’ದಲ್ಲಿ ಶಿಷ್ಯರು ಕಿಮೊನೊ ತೊಟ್ಟು ಕೂತಿದ್ದಾರೆ, ಊಟಕ್ಕೆ ಸುಶಿ ಇದೆ. ದೂರದ ಕಥೆಯನ್ನು ತನ್ನ ಜನ ಉಣ್ಣುವ ಅನ್ನದ ಮುಂದೆ ತಂದು ಕೂರಿಸುವ ಈ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈಗ ಕೆಲಸದ ವಿಷಯ. ಹೊಸಬರು ಮೊದಲು ಎಡವುವುದು ತಿರುವು ಮುರುವಿನಲ್ಲಿ. ಕಪ್ಪಾಜುರಿ ಎಂಬ ಇನ್ನೊಂದು ಸ್ಟೆನ್ಸಿಲ್ ಮುದ್ರಣದಲ್ಲಿ ಕತ್ತರಿಸಿದ ಕಿಂಡಿಯ ಮೂಲಕವೇ ಬಣ್ಣ ಇಳಿಯುತ್ತದೆ. ನೀನು ಕಲಿಯುತ್ತಿರುವುದರಲ್ಲಿ ಕಿಂಡಿಯಿಂದ ಇಳಿಯುವುದು ಅಂಟು. ಅಂಟು ಕೂತ ಜಾಗಕ್ಕೆ ಆಮೇಲೆ ಹಚ್ಚಿದ ಬಣ್ಣ ತಾಗುವುದಿಲ್ಲ. ವತನಾಬೆ ಚಿತ್ರದ ದಪ್ಪ ಕಪ್ಪು ಗೆರೆಗಳನ್ನು ನೋಡು. ಬಣ್ಣಗಳನ್ನು ಮೊದಲೇ ಹಚ್ಚಿ, ಒಣಗಿದ ಮೇಲೆ ಸ್ಟೆನ್ಸಿಲ್ ಇಟ್ಟು ಅಂಟಿನಿಂದ ಅವನ್ನು ಮುಚ್ಚಿ, ಕೊನೆಗೆ ಕಪ್ಪು ಬಳಿದರೆ ಉಳಿಯುವ ಗೆರೆ ಅದು. ಅಂದರೆ ನೀನು ಕತ್ತರಿಸದೆ ಬಿಟ್ಟ ಕಾಗದವೇ ಗೆರೆಯಾಗುತ್ತದೆ. ಹಾಗಾಗಿ ಗೆರೆ ಎಲ್ಲೂ ತುಂಡಾಗಿ ನಿಲ್ಲುವಂತಿಲ್ಲ, ಪ್ರತಿಯೊಂದೂ ಇನ್ನೊಂದಕ್ಕೆ ಅಂಟಿಕೊಂಡಿರಬೇಕು. ಮುಖ ಬರೆಯುವಾಗ ಕಣ್ಣಿನ ಪಾಪೆಯನ್ನು ರೆಪ್ಪೆಯ ಗೆರೆಗೆ ತಾಗಿಸು, ಇಲ್ಲದಿದ್ದರೆ ಅದು ಕತ್ತರಿಸಿದ ಕೂಡಲೇ ಉದುರಿ ಮೇಜಿನ ಮೇಲೆ ಬೀಳುತ್ತದೆ. ತೀರ ಬೇಕೆನಿಸಿದ ಒಂಟಿ ಚುಕ್ಕೆಗೆ ತಾತ್ಕಾಲಿಕ ಕೊಂಡಿ ಬಿಡು. ಸ್ಟೆನ್ಸಿಲ್ಲಿಗೆ ಜಾಳು ರೇಷ್ಮೆಯನ್ನು ವಾರ್ನಿಷ್‌ನಿಂದ ಕೂರಿಸಿ, ಅದು ಪೂರ್ತಿ ಒಣಗಿದ ಮೇಲೆ ಕೊಂಡಿ ಕತ್ತರಿಸು. ಈ ಕ್ರಮ ಹಿಂದುಮುಂದಾದರೆ ಚುಕ್ಕೆ ಜಾರಿಹೋಗುತ್ತದೆ. ಪೆನ್ಸಿಲ್ಲಿನಲ್ಲಿ ಚಿತ್ರ ಮುಗಿದ ಮೇಲೆ ಉಳಿಯುವ ಭಾಗವನ್ನೆಲ್ಲ ಮಸಿಯಲ್ಲಿ ತುಂಬಿ ನೋಡದೆ ಚಾಕು ಎತ್ತಬೇಡ.

ಸ್ಟೆನ್ಸಿಲ್ ಕಾಗದ ಎಂದರೆ ಹಿಪ್ಪುನೇರಳೆ ಜಾತಿಯ ನಾರಿನ ಕಾಗದವನ್ನು ಪದರ ಪದರವಾಗಿ ಕಾಕಿಹಣ್ಣಿನ (ಪರ್ಸಿಮನ್) ಚೊಗರು ರಸದಲ್ಲಿ ಅಂಟಿಸಿ ಹೊಗೆ ಕೊಟ್ಟದ್ದು. ಒಣಗಿದ್ದಾಗ ಸುರುಳಿ ಸುತ್ತುತ್ತದೆ. ಬಳಸುವ ಮೊದಲು ಇಪ್ಪತ್ತು ನಿಮಿಷ ನೀರಲ್ಲಿ ನೆನೆಸಿ, ಮೇಲಿನ ನೀರನ್ನು ಪತ್ರಿಕೆಯ ನಡುವೆ ಒತ್ತಿ ತೆಗೆ. ಈ ಒತ್ತುವುದನ್ನು ಬಿಟ್ಟರೆ ಅಂಟು ಅಂಚಿನಲ್ಲಿ ಹರಡಿ ಗೆರೆ ಮಂಕಾಗುತ್ತದೆ.

ಅಂಟಿನ ಮೇಲೆ ಎಲ್ಲ ನಿಂತಿದೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಅಂಟಕ್ಕಿ ಹಿಟ್ಟು ನಾಲ್ಕು ಪಾಲು, ನುಣ್ಣಗೆ ಜರಡಿ ಹಿಡಿದ ಅಕ್ಕಿ ತೌಡು ಆರು ಪಾಲು, ಅಳತೆಯ ಬಟ್ಟಲಿನಲ್ಲಿ. ಊಟದ ಅಕ್ಕಿಯ ಹಿಟ್ಟು ಆಗುವುದಿಲ್ಲ, ಅದಕ್ಕೆ ಆ ಜಿಗುಟು ಬರದು. ನೀರು ಸ್ವಲ್ಪ ಸ್ವಲ್ಪ ಹಾಕಿ ಗಟ್ಟಿಯಾಗಿ ಕಲಸಿ, ಉದ್ದಿನವಡೆಯ ಹಾಗೆ ನಡುವೆ ತೂತು ಮಾಡಿ ತಟ್ಟು. ತೂತಿಲ್ಲದಿದ್ದರೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹಬೆಯಲ್ಲಿ ಸುಮಾರು ಒಂದು ಗಂಟೆ ಬೇಯಲಿ. ಬಿಸಿ ಇರುವಾಗಲೇ ಚೆನ್ನಾಗಿ ಮಸೆದು, ಬಿಸಿನೀರು ಹಾಕಿ ಹದ ಮಾಡು. ಸುಣ್ಣದ ತಿಳಿನೀರು ಒಂದೊಂದೇ ಚಮಚ ಸೇರಿಸು. ಕಂದು ಬಣ್ಣ ಹಳದಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ, ಅಲ್ಲಿಗೆ ನಿಲ್ಲಿಸು. ಸುಣ್ಣ ಅಂಟು ಕೆಡದಂತೆ ಕಾಯುತ್ತದೆ. ಸ್ಟೆನ್ಸಿಲ್ ಎತ್ತುವಾಗ ಅಂಟು ಎಳೆ ಎಳೆಯಾಗಿ ಬಂದರೆ ಅಂಟಕ್ಕಿ ಜಾಸ್ತಿಯಾಗಿದೆ, ತೌಡು ಹಾಕು. ಒಣಗಿ ಪುಡಿಪುಡಿಯಾಗಿ ಉದುರಿದರೆ ತೌಡೇ ಜಾಸ್ತಿ. ಟೋಕಿಯೊದ ಚಳಿಗಾಲದ ಒಣಹವೆಗೆ ಬಿರುಕು ಬಿಡುತ್ತದೆ, ಆಗ ಚಿಟಿಕೆ ಉಪ್ಪು ಹಾಕು, ಅದು ತೇವ ಹಿಡಿದಿಡುತ್ತದೆ. ಜೂನ್ ಮಳೆಗಾಲದಲ್ಲಿ ಉಪ್ಪಿನ ತಂಟೆಗೇ ಹೋಗಬೇಡ, ಅಂಟು ಒಣಗುವುದೇ ಇಲ್ಲ.

ಬಣ್ಣ ಕೂರಿಸುವುದು ಸೋಯಾ ಹಾಲು. ಅಂಗಡಿಯ ಪೊಟ್ಟಣದ್ದಲ್ಲ. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ರುಬ್ಬಿ ಬಟ್ಟೆಯಲ್ಲಿ ಸೋಸಿ, ಬೇಯಿಸದೆ ಅವತ್ತೇ ಬಳಸು. ಕೆಮ್ಮಣ್ಣು, ಮಸಿ ಮುಂತಾದ ಪುಡಿಬಣ್ಣವನ್ನು ಅದರಲ್ಲಿ ಅರೆ. ಹಾಲಿನ ಪ್ರೋಟೀನು ಒಣಗುತ್ತ ಬಣ್ಣವನ್ನು ನಾರಿಗೆ ಕಚ್ಚಿಸುತ್ತದೆ. ಹಾಲು ದಪ್ಪವಾದರೆ ಮೇಲೆ ಪೊರೆಗಟ್ಟಿ ಕಾಗದ ಬಿರುಸಾಗುತ್ತದೆ, ತೆಳುವಾದರೆ ತೊಳೆಯುವಾಗ ಬಣ್ಣವೂ ಹೋಗುತ್ತದೆ. ತೆಳ್ಳಗೆ ಎರಡು ಸಲ ಹಚ್ಚುವುದೇ ಸರಿ. ಕಪ್ಪು ಕೊನೆಗೆ. ಆಮೇಲೆ ಒಂದು ವಾರವಾದರೂ ಮುಟ್ಟದೆ ಬಿಡು.

ವತನಾಬೆಯವರು ಹಿಸುಕಿ ಸುಕ್ಕು ಮಾಡಿದ ಮೊಮಿಗಾಮಿ ಕಾಗದ ಬಳಸುತ್ತಿದ್ದರು. ಸುಕ್ಕಿನ ಗೆರೆಗಳಲ್ಲಿ ಬಣ್ಣ ಹೆಚ್ಚು ಕುಡಿದು ಚಿತ್ರಕ್ಕೆ ಹಳೆಯ ತೊಗಲಿನ ಮೈ ಬರುತ್ತದೆ. ಅದನ್ನು ನೀನೇ ಮಾಡಿಕೊಳ್ಳುವುದಾದರೆ ಒಂದು ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊನ್ಯಾಕು ಪುಡಿ ಕದಡು (ನಮ್ಮ ಸುವರ್ಣಗಡ್ಡೆಯ ಕುಲದ್ದೇ ಆ ಗಡ್ಡೆ), ಒಂದು ಗಂಟೆ ಉಬ್ಬಲು ಬಿಟ್ಟು ಎರಡೂ ಬದಿಗೆ ಬಳಿ. ಇದಿಲ್ಲದೆ ಕೊನೆಯ ತೊಳೆತ ಕಾಗದ ತಾಳುವುದಿಲ್ಲ. ತೊಳೆಯುವಾಗಲೂ ಉಜ್ಜಬೇಡ. ಅಗಲ ತಟ್ಟೆಯ ನೀರಿನಲ್ಲಿ ತೇಲಿಬಿಡು, ಅಂಟು ತಾನೇ ಉಬ್ಬಿ ಕಳಚುತ್ತದೆ. ಕಳಚದಿದ್ದರೆ ನೀರು ಬದಲಿಸಿ ಇನ್ನಷ್ಟು ಹೊತ್ತು ಬಿಡು.

ಶಿಜುವೊಕಾದ ತೋರೊ ಉದ್ಯಾನದಲ್ಲಿ ಸೆರಿಜಾವಾ ಅವರ ವಸ್ತುಸಂಗ್ರಹಾಲಯವಿದೆ, ರಜೆ ಸಿಕ್ಕಾಗ ಹೋಗಿ ಬಾ. ಗುರುವಿನ ಗೆರೆ ನೋಡಿದರೆ ಶಿಷ್ಯ ಎಲ್ಲಿ ಬೇರೆಯಾದರು ಎಂದು ಹೊಳೆಯುತ್ತದೆ. ಮೊದಲ ಆರು ತಿಂಗಳು ಪೋಸ್ಟ್‌ಕಾರ್ಡಿನಷ್ಟೇ ಅಳತೆ, ಒಂದೇ ಸ್ಟೆನ್ಸಿಲ್, ಕೆಂಪು ಮತ್ತು ಕಪ್ಪು ಸಾಕು. ಮಾಡಿದ ಮೊದಲ ಹಾಳೆಯ ಜತೆ ಸ್ಟೆನ್ಸಿಲ್ಲಿನ ಫೋಟೋವನ್ನೂ ಕಳಿಸು, ಕೊಂಡಿಗಳನ್ನು ನೋಡಿ ಬರೆಯುತ್ತೇನೆ.

ಇಂತಿ ನಿನ್ನ ಪ್ರೀತಿಯ
ಮಾವ