ಜಾಝ್ ಜೊತೆ ಬಣ್ಣ ಹಚ್ಚಿದ ರಾತ್ರಿ: ನಮ್ಮೂರಿನವರಿಗೆ ಧನ್ಯವಾದ

ಕ್ಲಬ್ಬಿನ ವಾರ್ಷಿಕೋತ್ಸವ ಮುಗಿಯಿತು, ಪೆಂಡಾಲ್ ಬಿಚ್ಚಿಯೂ ಆಯಿತು. ಅವತ್ತು ಸ್ಟೇಜಿನಲ್ಲಿ ಧನ್ಯವಾದ ಹೇಳಲು ಸಿಕ್ಕಿದ್ದು ಅರೆಗಳಿಗೆ. ನನಗೆ ಹೇಳಬೇಕಾದದ್ದು ಅದಕ್ಕಿಂತ ತುಂಬಾ ಜಾಸ್ತಿ ಇದೆ. ಹೆಸರು ಹಾಕುವುದು ಬೇಡ ಎಂದು ಕೆಲವರು ಹೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಓದಿದವರಿಗೆ ತಮ್ಮ ಗುರುತು ಸಿಕ್ಕೇ ಸಿಗುತ್ತದೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಸಣ್ಣ ಊರು. ಅಲ್ಲಿ ಜಾಝ್ ಎಂಬ ಅಮೆರಿಕದ ಸಂಗೀತ, ಅದು ನಡೆಯುತ್ತಿರುವಾಗಲೇ ಪಕ್ಕದಲ್ಲಿ ನಾನು ಚಿತ್ರ ಬಿಡಿಸುವುದು. ಕಮಿಟಿಯಲ್ಲಿ ಅನುಮಾನ ಬಂದದ್ದು ಸಹಜವೇ. ಹಾಡಿನ ಜೊತೆ ಚಿತ್ರ ಬಿಡಿಸುವುದನ್ನು ನಾವೆಲ್ಲ ನೋಡಿದ್ದೇವೆ. ಬಿ.ಕೆ.ಎಸ್. ವರ್ಮ ಅವರು ವೇದಿಕೆಯಲ್ಲಿ ಹಾಗೆ ಬಿಡಿಸಿ ಮನೆಮಾತಾಗಿದ್ದರು. ಆದರೆ ಅಲ್ಲಿ ಹಾಡಿಗೆ ಸಾಹಿತ್ಯ ಇರುತ್ತದೆ. ನದಿ ಎಂದು ಹಾಡಿದರೆ ನದಿ ಬರೆಯಬಹುದು. ಹಾಡುವವರಿಲ್ಲದ ಜಾಝ್ ತಂಡದ ಜೊತೆ ನಿಂತರೆ ಕಲಾವಿದನಿಗೆ ಹಿಡಿದುಕೊಳ್ಳಲು ಒಂದು ಪದವೂ ಇಲ್ಲ. ಮುಂದೆ ಏನು ಬಾರಿಸುತ್ತೇವೆ ಎಂಬುದು ಬಾರಿಸುವವರಿಗೇ ಪೂರ್ತಿ ಗೊತ್ತಿರುವುದಿಲ್ಲ. "ಒಂದು ಸಲ ನೋಡುವಾ, ಜನ ಎದ್ದು ಹೋದರೆ ನಾನು ಕೂತಿರ್ತೇನೆ" ಎಂದು ಕಮಿಟಿಯಲ್ಲಿ ಹಟ ಹಿಡಿದ ಹಿರಿಯರಿಗೆ ಮೊದಲ ನಮಸ್ಕಾರ. ಮಾವ, ನೀವು ಕೊನೆಯವರೆಗೂ ಕೂತಿದ್ದಿರಿ. ನಿಮ್ಮ ಸುತ್ತಲಿನವರೂ ಏಳಲಿಲ್ಲ.

ಜನ ಏಳದೆ ಇದ್ದದ್ದಕ್ಕೆ ಒಂದು ಕಾರಣ ಸ್ಯಾಕ್ಸೋಫೋನ್ ಎಂದು ನನಗೆ ಅನಿಸುತ್ತದೆ. 1840ರ ದಶಕದಲ್ಲಿ ಅಡಾಲ್ಫ್ ಸ್ಯಾಕ್ಸ್ ಮಾಡಿದ ಈ ವಾದ್ಯ ನಮ್ಮ ಕಡೆಯವರಿಗೆ ಹೊರಗಿನದು ಅನಿಸುವುದೇ ಇಲ್ಲ. ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದ ಮೇಲೆ ಮದುವೆ ಮನೆಯಲ್ಲಿ, ದೇವಸ್ಥಾನದ ಉತ್ಸವದಲ್ಲಿ ಎಲ್ಲ ಕಡೆ ಕೇಳಿದ್ದೇವೆ. ಮಂಗಳೂರಿನಿಂದ ಬಂದ ತಂಡದ ಸ್ಯಾಕ್ಸೋಫೋನಿನ ಅಣ್ಣ ಮೊದಲ ಉಸಿರು ಊದಿದ ಕೂಡಲೇ ಹಿಂದಿನ ಸಾಲಿನ ಮಾತು ನಿಂತಿತು. ಅವರು ಬೆಳಿಗ್ಗೆ ಒಂದು ಮದುವೆಯಲ್ಲಿ ನುಡಿಸಿ ಸೀದಾ ನಮ್ಮಲ್ಲಿಗೆ ಬಂದಿದ್ದರು.

ಮಧ್ಯಂತರದಲ್ಲಿ ನಮ್ಮೂರಿನ ಹಿರಿಯ ಅರ್ಥಧಾರಿಗಳೊಬ್ಬರು ಸ್ಟೇಜಿನ ಹತ್ತಿರ ಬಂದು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಮೊದಲು ಎಲ್ಲರೂ ಸೇರಿ ಒಂದು ಪದ್ಯ, ಆಮೇಲೆ ಒಬ್ಬೊಬ್ಬರದ್ದೇ ಅರ್ಥ. ತಾಳಮದ್ದಳೆಯೇ ಅಲ್ವಾ ಇದು?" ಹೌದು. ತಾಳಮದ್ದಳೆ ಎಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ; ಹಾಡಿದ ಪದ್ಯದ ಮೇಲೆ ಅರ್ಥಧಾರಿಗಳು ಪಾತ್ರದ ಮಾತನ್ನು ಆಗಲೇ ಕಟ್ಟಿ ಹೇಳುತ್ತಾರೆ. ಜಾಝಿನಲ್ಲಿ ಮೊದಲು ತಂಡ ಮೂಲ ರಾಗ ನುಡಿಸುತ್ತದೆ. ಆಮೇಲೆ ಅದೇ ಚೌಕಟ್ಟಿನೊಳಗೆ ಒಬ್ಬೊಬ್ಬರೂ ಆಗಲೇ ಹೊಳೆದದ್ದನ್ನು ನುಡಿಸುತ್ತಾರೆ. ಕೊನೆಗೆ ಎಲ್ಲರೂ ಮತ್ತೆ ಮೂಲಕ್ಕೆ ಬರುತ್ತಾರೆ. ನ್ಯೂ ಆರ್ಲಿಯನ್ಸಿನ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತವನ್ನು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ತಮ್ಮ ಕಿವಿಯಿಂದಲೇ ಅರ್ಥ ಮಾಡಿಕೊಂಡರು. ಬಾಯಿಪಾಠದ ಮಾತಿಗೂ ಆ ಕ್ಷಣದಲ್ಲಿ ಹುಟ್ಟಿದ ಮಾತಿಗೂ ವ್ಯತ್ಯಾಸ ಗುರುತಿಸುವ ಜನ ಇವರು. ಇಂಥವರ ಮುಂದೆ ಬಣ್ಣ ಹಚ್ಚಲು ಸಿಕ್ಕಿದ್ದು ನನ್ನ ಭಾಗ್ಯ.

ಚಿತ್ರದ ಬಗ್ಗೆ ಮಕ್ಕಳು ತುಂಬಾ ಕೇಳಿದ್ದರು, ಅದನ್ನೂ ಹೇಳಿಬಿಡುತ್ತೇನೆ. ತಂಡ ಆರಿಸಿಕೊಂಡದ್ದು ಬ್ಲೂಸ್ ಎಂಬ ಸಂಗೀತ ರೂಪ. ಸಾಮಾನ್ಯವಾಗಿ ಅದರ ಒಂದು ಸುತ್ತಿಗೆ 12 ಬಾರ್ (ಬಾರ್ ಎಂದರೆ ತಾಳದ ಒಂದು ತುಂಡು), ಅಂದರೆ ನಾಲ್ಕು ನಾಲ್ಕರ ಮೂರು ಸಾಲು. ಹಾಗಾಗಿ 8 ಅಡಿ ಅಗಲ, 6 ಅಡಿ ಎತ್ತರದ ಕ್ಯಾನ್ವಾಸಿನಲ್ಲಿ ಮೂರು ಸಾಲು ಮಾಡಿ, ಸಾಲಿಗೆ ನಾಲ್ಕರಂತೆ ಎರಡೆರಡು ಅಡಿಯ 12 ಚೌಕ ಪೆನ್ಸಿಲಿನಲ್ಲಿ ಹಾಕಿಟ್ಟಿದ್ದೆ. ಮೊದಲ ಸುತ್ತಿನಲ್ಲಿ ಒಂದು ಬಾರ್‌ಗೆ ಒಂದು ಚೌಕ, ಒಂದೇ ಎಳೆತ. ಸೋಲೋ, ಅಂದರೆ ಒಬ್ಬೊಬ್ಬರೇ ನುಡಿಸುವುದು, ಶುರುವಾದ ಮೇಲೆ ಚೌಕ ದಾಟಲು ನನಗೂ ರಜೆ. ಬಾಸ್ ಗಿಟಾರಿನವರು ನಿಧಾನಕ್ಕೆ ಇಳಿಯುತ್ತಿದ್ದಾಗ ಅಡಿಕೆ ಮರದ ಬೂದು ಕಾಂಡಗಳು ಮೇಲಿನಿಂದ ಕೆಳಗೆ ಬಂದವು. ಮುರಕಲ್ಲಿನ ಕೆಂಪು ಸ್ಯಾಕ್ಸೋಫೋನಿಗೆ ಹೋಯಿತು. ಡ್ರಮ್ಮಿನ ಹುಡುಗ ಕೋಲು ಬದಿಗಿಟ್ಟು ತಂತಿಯ ಬ್ರಷ್ ಹಿಡಿದು ಸ್ನೇರ್ ಎಂಬ ಸಣ್ಣ ಡ್ರಮ್ಮಿನ ಮೇಲೆ ಸುಮ್ನೆ ಸವರತೊಡಗಿದ. ನಾನು ಗೋಡೆಗೆ ಬಣ್ಣ ಹೊಡೆಯುವ ನಾಲ್ಕಿಂಚಿನ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಒಣ ಬ್ರಷ್ಷಿನಲ್ಲೇ ಬಿಳಿ ಎಳೆದೆ. ಅವನು ನನ್ನ ಕೈ ನೋಡಿ ಇನ್ನಷ್ಟು ಮೆಲ್ಲಗಾದ. ಆವರೆಗೆ ನಾನು ಅವರನ್ನು ಕೇಳಿಸಿಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ಅವರು ನನ್ನ ಚಿತ್ರವನ್ನು ನುಡಿಸಿದರು. ತಮ್ಮಾ, ಅದನ್ನು ನಾನು ಮರೆಯುವುದಿಲ್ಲ.

ಇನ್ನು ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು. ಅಕ್ರಿಲಿಕ್ ಬೇಗ ಒಣಗುವ ಬಣ್ಣ. ಆದರೆ ನಮ್ಮ ಕಡೆ ರಾತ್ರಿ ಗಾಳಿಯಲ್ಲಿ ಪಸೆ ಇದ್ದರೆ ಅದೂ ಹಟ ಮಾಡುತ್ತದೆ. ಹಸಿ ಬಣ್ಣದ ಮೇಲೆ ಬಣ್ಣ ಬಿದ್ದರೆ ಎಲ್ಲ ಕೆಸರು. ನಾನು ಕೈಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದದ್ದನ್ನು ಅಡುಗೆ ಕಡೆಯಿಂದ ಗಮನಿಸಿ, ಅವರು ತಮ್ಮ ಮುಂದಿದ್ದ ದೊಡ್ಡ ಫ್ಯಾನನ್ನೇ ಸ್ಟೇಜಿಗೆ ಕಳಿಸಿದರು. ಅಷ್ಟೇ ಅಲ್ಲ, ಸದ್ದು ಸಂಗೀತಕ್ಕೆ ಅಡ್ಡ ಬರಬಾರದೆಂದು ಒಬ್ಬ ಅಕ್ಕ ಸ್ವಿಚ್ಚಿನ ಹತ್ತಿರವೇ ನಿಂತು, ಚಪ್ಪಾಳೆ ಬಿದ್ದಾಗ ಹಾಕಿ, ನುಡಿಸಲು ಶುರು ಮಾಡಿದಾಗ ಆರಿಸಿದರು. ನೀವೆಲ್ಲ ಒಲೆಯ ಬುಡದಲ್ಲಿ ಬೆವರುತ್ತಾ ಕೂತಿದ್ದಿರಿ. ಆ ಚಿತ್ರದ ಮೇಲಿನ ಪದರಗಳೆಲ್ಲ ನಿಮ್ಮವೇ.

ಮೈಕಿನವರು, ಕ್ಯಾನ್ವಾಸನ್ನು ಪಿಕಪ್ಪಿನಲ್ಲಿ ಅಲುಗಾಡದಂತೆ ತಂದ ಹುಡುಗರು, ಚೌಕಟ್ಟು ಮಾಡಿಕೊಟ್ಟು ಕೂಲಿ ಬೇಡವೆಂದ ಬಡಗಿ ಅಣ್ಣ, ಎಲ್ಲರಿಗೂ ಧನ್ಯವಾದ.

ಚಿತ್ರ ಈಗ ನಮ್ಮ ಕನ್ನಡ ಶಾಲೆಯ ವಾಚನಾಲಯದ ಗೋಡೆಯಲ್ಲಿದೆ. ಮೇಲೆ ವಾರ್ನಿಷ್ ಹೊಡೆದಿದ್ದೇನೆ, ಮಕ್ಕಳು ಮುಟ್ಟಿ ನೋಡಿದರೂ ಏನೂ ಆಗುವುದಿಲ್ಲ. ಪೆನ್ಸಿಲಿನ ಚೌಕಗಳನ್ನು ಅಳಿಸಿಲ್ಲ, ಹತ್ತಿರ ಹೋದರೆ ಎಣಿಸಬಹುದು. ಅವತ್ತು ಬರಲಾಗದವರು ಶಾಲೆ ಇರುವ ದಿನ ಹೋಗಿ ನೋಡಿ. ಟೀಚರ್ ಹತ್ತಿರ ರೆಕಾರ್ಡಿಂಗ್ ಕೂಡ ಕೊಟ್ಟಿದ್ದೇನೆ, ಕೇಳಿದರೆ ಹಾಕುತ್ತಾರೆ.