ಯೆಜ್ಡಿ ಜಬಲ್ಪುರಕ್ಕೆ ಹೋಯ್ತು ಕಣೋ

ಪ್ರೀತಿಯ ಸೀನ,

ಮೊದಲು ಸುದ್ದಿ, ಬೈಗುಳ ಆಮೇಲೆ. ನನ್ನ ಯೆಜ್ಡಿ ಬೈಕ್ ಮಾರಿದೆ. ಹೌದು, ಅದನ್ನೇ. 1993ರ ರೋಡ್‌ಕಿಂಗ್, ಕೆಎ 09, ನೀನು ‘ಪಟ್ಟದ ಆನೆ’ ಅಂತಿದ್ದದ್ದು. ತಗೊಂಡವರು ಜಬಲ್ಪುರದವರು. ಫೋನ್‌ನಲ್ಲಿ ಹೇಳಿದರೆ ನೀನು ಮೊದಲು ಕಿರುಚುತ್ತೀಯ, ಆಮೇಲೆ ಸುಮ್ಮನಾಗುತ್ತೀಯ. ಕಿರುಚೋದನ್ನು ತಡೆದುಕೊಳ್ಳಬಹುದು, ಸುಮ್ಮನಾಗೋದನ್ನು ಆಗಲ್ಲ. ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ನೀನು ಮರ್ಯಾದಸ್ಥನಾಗಿ ಇರುತ್ತೀಯ ಅಂತ ನಂಬಿಕೆ. ಕೊಟ್ಟಿಗೆಹಾರದಲ್ಲಿ ಇರಲಿಲ್ಲ, ಆದರೆ ಆ ವಿಷಯ ಇಲ್ಲಿ ಬೇಡ.

ಉಳಿದವರೇ, ನೀವೂ ಓದುತ್ತಿದ್ದೀರಿ ಅಂತ ಗೊತ್ತು. ಹಳೇ ಗಾಡಿಯನ್ನು ದೂರದೂರಿನವರಿಗೆ ಮಾರಬೇಕು ಅಂತಿದ್ದರೆ ಒಂದೆರಡು ವಿಷಯ ಸಿಗಬಹುದು. ಸಿಗದಿದ್ದರೆ ಸೀನನನ್ನು ಕೇಳಿ. ಅವನಿಗೆ ಎಲ್ಲಾ ಗೊತ್ತು, ಯಾವತ್ತೂ ಗೊತ್ತಿತ್ತು.

ಜಾಹೀರಾತು ಹಾಕಿದ್ದೇ ತಡ, ದೇಶದ ಅರ್ಧ ಸೇನೆ ನನ್ನ ಬೆನ್ನು ಬಿತ್ತು ಕಣೋ. ಒಬ್ಬ ಜೈಸಲ್ಮೇರ್ ಗಡಿಯಲ್ಲಿದ್ದಾನೆ, ಇನ್ನೊಬ್ಬ ಯಾವುದೋ ಏರ್‌ಪೋರ್ಟ್ ಕಾಯುತ್ತಾನೆ. ಎಲ್ಲರಿಗೂ ಒಂದೇ ಪಾಠ ಬಾಯಿಪಾಠ. ಬೆಲೆ ಇಳಿಸಿ ಅನ್ನಲ್ಲ. ಗಾಡಿ ಸ್ಟಾರ್ಟ್ ಆಗುತ್ತಾ ಅಂತ ಕೇಳಲ್ಲ. ಕೇಳದೆಯೇ ಐಡಿ ಕಾರ್ಡ್ ಬರುತ್ತೆ, ಕ್ಯಾಂಟೀನ್ ಕಾರ್ಡ್ ಬರುತ್ತೆ, ಯೂನಿಫಾರ್ಮ್ ಹಾಕಿದ ಫೋಟೋ ಬರುತ್ತೆ. “ಮಿಲಿಟರಿ ಟ್ರಕ್ ಬಂದು ಗಾಡಿ ಎತ್ಕೊಂಡು ಹೋಗುತ್ತೆ ಸರ್, ನೀವು ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ.” ಮೊದಲು ಐದು ರೂಪಾಯಿಯ ಕೋಡ್. ನೀನು ಐದು ಕಳಿಸಿದರೆ ಅವನು ಹತ್ತು ಕಳಿಸುತ್ತಾನೆ. ನಂಬಿಕೆ ಬಂತಲ್ವಾ? ಮುಂದಿನದು ಇಪ್ಪತ್ತು ಸಾವಿರದ್ದು. ಅದಕ್ಕೆ ವಾಪಸ್ ಏನೂ ಬರಲ್ಲ. ದುಡ್ಡು ತಗೊಳ್ಳೋಕೆ ಯುಪಿಐ ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹೋಗೋದೇ ಹೊರತು ಬರೋದಿಲ್ಲ. ಇಷ್ಟು ತಲೆಯಲ್ಲಿದ್ದರೆ ಅರ್ಧ ಸೇನೆಯನ್ನು ಸೋಲಿಸಬಹುದು. ಯಾರಾದರೂ ಆಗಲೇ ಕಳಕೊಂಡಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಿರುತ್ತೆ.

ಇನ್ನೊಂದು ಜಾತಿಯವರಿದ್ದಾರೆ. ಅವರಿಗೆ ಗಾಡಿ ಬೇಡ, ಆರ್‌ಸಿಯ (ಗಾಡಿಯ ನೋಂದಣಿ ಪತ್ರದ) ಫೋಟೋ ಬೇಕು. ನಿನ್ನ ಆರ್‌ಸಿ, ನಿನ್ನ ಆಧಾರ್, ನಿನ್ನ ಗಾಡಿಯ ಫೋಟೋ ಸಿಕ್ಕಿದರೆ ಅವರೇ ‘ನೀನು’ ಆಗಿ ಇನ್ಯಾರಿಗೋ ಅದೇ ಗಾಡಿ ಮಾರುತ್ತಾರೆ. ನಾನು ಆರ್‌ಸಿ ಕಳಿಸಿದ್ದು ಟೋಕನ್, ಅಂದರೆ ಮುಂಗಡ, ಬಂದ ಮೇಲೆ. ಅದರ ಮೇಲೂ ಇಂಥವರಿಗೆ ಮಾತ್ರ, ಇಂಥ ವ್ಯವಹಾರಕ್ಕೆ ಮಾತ್ರ ಅಂತ ಅಡ್ಡಡ್ಡ ಬರೆದು ಕಳಿಸಿದೆ. ಆಧಾರ್‌ನಲ್ಲಿ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದು ಮುಚ್ಚಿದ್ದೆ.

ಈ ಗದ್ದಲದ ನಡುವೆ ಜಬಲ್ಪುರದವರ ಮೆಸೇಜ್ ಬಂತು. ವೆಹಿಕಲ್ ಫ್ಯಾಕ್ಟರಿಯಲ್ಲಿದ್ದು ರಿಟೈರ್ ಆದವರಂತೆ. ಸೇನೆಗೆ ಶಕ್ತಿಮಾನ್ ಟ್ರಕ್, ಜೋಂಗಾ ಜೀಪು ಎಲ್ಲಾ ಬರುತ್ತಿದ್ದದ್ದು ಅಲ್ಲಿಂದಲೇ. ಸೇನೆ ಅಂದ ಕೂಡಲೇ ಬ್ಲಾಕ್ ಮಾಡೋಕೆ ಬೆರಳು ಹೋಗಿತ್ತು. ಅಷ್ಟರಲ್ಲಿ ಇನ್ನೊಂದು ಮೆಸೇಜ್: “ಬೆಲೆ ಜಾಸ್ತಿ ಆಯ್ತು.” ನೋಡು, ಅಲ್ಲಿ ನನಗೆ ನಂಬಿಕೆ ಬಂತು. ಮೋಸಗಾರ ಚೌಕಾಶಿ ಮಾಡಲ್ಲ ಕಣೋ. ಅದರ ಹಿಂದೆಯೇ ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಹೊರಕವಚಕ್ಕೆ) ಎಲ್ಲಾದರೂ ಬೆಸುಗೆ ಬಿದ್ದಿದೆಯಾ ಅಂತ ಕೇಳಿದರು. ಹೊಸ ಯೆಜ್ಡಿ 2022ರಿಂದ ಶೋರೂಮಿನಲ್ಲೇ ಸಿಗುತ್ತಲ್ಲ ಅಂದೆ. “ಎರಡು ಸೈಲೆನ್ಸರ್, ಟೂ ಸ್ಟ್ರೋಕ್, ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ್ದು ಬೇಕು” ಅಂದರು. 1996ಕ್ಕೇ ಬಾಗಿಲು ಹಾಕಿದ ಫ್ಯಾಕ್ಟರಿಯ ವಿಳಾಸ ಜಬಲ್ಪುರದವರ ಬಾಯಲ್ಲಿ! ನನಗೆ ಕೋಪವೂ ಬಂತು, ಖುಷಿಯೂ ಆಯ್ತು.

ಆಮೇಲೆ ನನ್ನ ಪರೀಕ್ಷೆ ಶುರುವಾಯ್ತು. ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸಿ. ವಿಳಾಸದ ದಾಖಲೆ ಕೊಡಿ. ದುಡ್ಡು ನಿಮ್ಮದೇ ಹೆಸರಿನ ಖಾತೆಯಿಂದ ಬರಬೇಕು, ಅಳಿಯನದ್ದು ಮೈದುನನದ್ದು ಆಗಲ್ಲ. ಟೋಕನ್ ಐದು ಸಾವಿರ. ಬಾಕಿ ಅಷ್ಟೂ ನೆಫ್ಟ್‌ನಲ್ಲಿ, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ, ಗಾಡಿ ರೈಲು ಹತ್ತುವ ಮೊದಲು. ನೆಫ್ಟ್ ಈಗ ಭಾನುವಾರವೂ ನಡೆಯುತ್ತೆ, ನೆಪ ಬೇಡ. ಸ್ಕ್ರೀನ್‌ಶಾಟ್ ನಂಬಲ್ಲ, ಎಸ್‌ಎಂಎಸ್ಸೂ ನಂಬಲ್ಲ, ನನ್ನ ಬ್ಯಾಂಕಿನ ಆಪ್‌ನಲ್ಲಿ ಬ್ಯಾಲೆನ್ಸ್ ಏರಿದ್ದು ಕಂಡರೇ ದುಡ್ಡು ಬಂದ ಹಾಗೆ. ಅವರು ಎಲ್ಲದಕ್ಕೂ ಜೀ ಅಂದರು. ಯೋಚನೆ ಮಾಡಿದರೆ ಅವರ ಪಾಲಿಗೆ ನಾನೂ ಒಬ್ಬ ಜೈಸಲ್ಮೇರಿನವನೇ ಅಲ್ವಾ? ದುಡ್ಡು ಮೊದಲು, ಗಾಡಿ ಆಮೇಲೆ ಅನ್ನುತ್ತಿರುವವನು ನಾನು. ಅದಕ್ಕೆ ಅವರು ವೈಟ್‌ಫೀಲ್ಡ್‌ನಲ್ಲಿರುವ ಹಳೇ ಸಹೋದ್ಯೋಗಿಯೊಬ್ಬರ ಮಗನನ್ನು ನಮ್ಮ ಮನೆಗೆ ಕಳಿಸಿದರು. ಒಳ್ಳೇ ಹುಡುಗ. ಹ್ಯಾಂಡಲ್ ತಿರುಗಿಸಿ, ಚಾಸಿಸ್ ನಂಬರಿನ ಮೇಲೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ. ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು. ನಡುವಿನ ಏಳು ಸ್ವಲ್ಪ ವಾಲಿದೆ. ಇಷ್ಟು ವರ್ಷ ಒರೆಸಿದ್ದೇನೆ, ಅದು ವಾಲಿದ್ದು ನಾನು ನೋಡೇ ಇರಲಿಲ್ಲ.

ಕಾಗದಪತ್ರದ ಕತೆ ಉದ್ದ, ಆದರೆ ನಿಜವಾದ ಅಪಾಯ ಇರೋದು ಅಲ್ಲೇ. ದುಡ್ಡು ಕೈಗೆ ಬಂತು, ಗಾಡಿ ಕಣ್ಣಿಗೆ ಮರೆಯಾಯ್ತು, ಮುಗೀತು ಅಂತ ಜನ ಅಂದುಕೊಳ್ಳುತ್ತಾರೆ. ಮುಗಿಯಲ್ಲ. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ನಮ್ಮ ಆರ್‌ಟಿಓದಿಂದ ಎನ್‌ಓಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಅದು ಫಾರಂ 28. ಅದರ ಮೇಲೂ ಆ ಪೆನ್ಸಿಲ್ ಅಚ್ಚು ಬೇಕು. ಮಾರಿದ್ದೇನೆ ಅಂತ ನಾನು ತಿಳಿಸುವುದು ಫಾರಂ 29, ಹೆಸರು ಬದಲಾಯಿಸಿ ಅಂತ ಕೊಂಡವರು ಕೇಳುವುದು ಫಾರಂ 30. ರಾಜ್ಯದೊಳಗೆ ಮಾರಿದರೆ ಹದಿನಾಲ್ಕು ದಿನದಲ್ಲಿ ತಿಳಿಸಬೇಕು, ಹೊರರಾಜ್ಯಕ್ಕಾದರೆ ನಲವತ್ತೈದು ದಿನ. ಎನ್‌ಓಸಿಯಲ್ಲಿ ಯಾವ ಆರ್‌ಟಿಓಗೆ ಅಂತ ಬರೆಯಬೇಕು. ನಮ್ಮದರಲ್ಲಿ ಜಬಲ್ಪುರ, ಎಂಪಿ 20. ಒಂದು ಸಲ ಬರೆದ ಮೇಲೆ ಕೊಳ್ಳುವವರು ಕೈ ಕೊಟ್ಟರೆ ಅದನ್ನು ರದ್ದು ಮಾಡಿಸೋದು ಇನ್ನೊಂದು ರಾಮಾಯಣ. ಅದಕ್ಕೇ ಟೋಕನ್ ಬರದೆ ಅರ್ಜಿ ಹಾಕಬಾರದು. ಖಾಲಿ ಫಾರಂಗೆ ಸೈನ್ ಹಾಕಿ ಬ್ರೋಕರ್ ಕೈಗೆ ಕೊಡೋದಂತೂ ಬೇಡವೇ ಬೇಡ.

ಯಾಕೆ ಅಂದರೆ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವನೇ ಮಾಲೀಕ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಕೇಸಿನಲ್ಲಿ ಇದನ್ನೇ ಹೇಳಿತು. ಗಾಡಿ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಾ ಹೋಗಿತ್ತು, ದಾಖಲೆಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತ ಆದಾಗ ಪರಿಹಾರದ ಹೊಣೆ ಆ ಮೊದಲಿನವರ ಮೇಲೇ ಬಿತ್ತು. ಅಂದರೆ ಜಬಲ್ಪುರದಲ್ಲಿ ಹೆಸರು ಬದಲಾಗುವ ತನಕ ಪಟ್ಟದ ಆನೆ ನನ್ನದೇ. ಇದನ್ನು ಓದಿ ಹೆದರಬೇಕಿತ್ತು. ಹೆದರಿಕೆ ಆಗಲಿಲ್ಲ ಕಣೋ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅವರೂ ಒಂದು ಪರೀಕ್ಷೆ ಇಟ್ಟರು. ವಿಡಿಯೋ ಕಾಲ್‌ನಲ್ಲಿ ಸ್ಟಾರ್ಟ್ ಮಾಡಿ ತೋರಿಸಿ ಅಂದರು. ಅದಕ್ಕೂ ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟು ತೋರಿಸಬೇಕಂತೆ. ಬಿಸಿ ಮಾಡಿಟ್ಟುಕೊಂಡು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ಮೋಸ ಮಾಡುವವರೂ ಇರುತ್ತಾರಲ್ಲ. ಇಟ್ಟೆ. ತಣ್ಣಗಿತ್ತು. ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಕಿಕ್ಕರ್ ಮಾಡಿದಾಗ ಅವರ ಮೊಮ್ಮಗ ಪಕ್ಕದಲ್ಲಿ “ಗೇರೇ ಕಿಕ್ಕಾ?” ಅಂತ ಕೂಗಿದ. ಸ್ಟಾರ್ಟ್ ಆಯ್ತು, ಹೊಗೆ ಬಂತು, ಎರಡನೇ ಮಹಡಿಯ ಆಂಟಿ ಕೆಮ್ಮಿದರು. ಎಲ್ಲಾ ಮಾಮೂಲು. ಆಗ ಅವರು ಕೇಳಿದರು: “ಕೊನೇ ಸಲ ರೋಡಿನ ಮೇಲೆ ಯಾವಾಗ ಓಡಿಸಿದ್ರಿ?”

ನನ್ನ ಬಾಯಿ ಕಟ್ಟಿತು. ಹಿಂದಿನಿಂದ ಇವಳು, ತನಗೆ ಬರುವ ಅಷ್ಟಿಷ್ಟು ಹಿಂದಿಯಲ್ಲೇ, “ಬೇಸ್‌ಮೆಂಟ್ ಮೆ ಹೀ ಚಲ್ತಾ ಹೈ” ಅಂದುಬಿಟ್ಟಳು. ಬೇಸ್‌ಮೆಂಟಿನಲ್ಲಷ್ಟೇ ಓಡೋದು ಅಂತ.

ಸೀನ, ನಿನಗೂ ಗೊತ್ತಿರದ ವಿಷಯ ಇದು. ಎಲ್ಲರಿಗೂ ನಾನು ಪಾರ್ಕಿಂಗ್ ಜಾಗ ಇಲ್ಲ ಅಂತ ಹೇಳಿಕೊಂಡು ಬಂದಿದ್ದೇನೆ. ನಿನಗೆ ಮಂಡಿನೋವು ಅಂದಿದ್ದೆ. ಜಾಗ ಇದೆ. ಮಂಡಿಯೂ ಸರಿಯಾಗೇ ಇದೆ. ನನಗೆ ಓಡಿಸೋಕೆ ಭಯ ಆಗುತ್ತೆ ಕಣೋ. ಬಿದ್ದಿಲ್ಲ, ಯಾರಿಗೂ ಗುದ್ದಿಲ್ಲ. ಏನಾದರೂ ಆಗಿದ್ದರೆ ಹೇಳಿಕೊಳ್ಳೋಕಾದರೂ ಒಂದು ಕತೆ ಇರುತ್ತಿತ್ತು. ಒಂದು ಸಂಜೆ ಹೆಬ್ಬಾಳದ ಫ್ಲೈಓವರ್ ಮೇಲೆ ಒಂದು ಕಡೆ ನೀರಿನ ಟ್ಯಾಂಕರ್, ಇನ್ನೊಂದು ಕಡೆ ಬಸ್, ನಡುವೆ ನಾನು. ದಿನಾ ಇರುವುದೇ ಅದು. ಅವತ್ತು ಮಾತ್ರ ಕೈ ತಣ್ಣಗಾಯ್ತು. ಇಳಿದ ಮೇಲೆ ಎಡಕ್ಕೆ ನಿಲ್ಲಿಸಿ ಸುಮ್ನೆ ನಿಂತುಬಿಟ್ಟೆ. ಗಾಡಿ ಕೆಟ್ಟಿದೆ ಅಂದುಕೊಂಡು ಒಬ್ಬ ಡೆಲಿವರಿ ಹುಡುಗ ಬಂದು ಪ್ಲಗ್ ಬಿಚ್ಚಿ ನೋಡಲಾ ಅಂಕಲ್ ಅಂದ. ಹೂಂ ಅಂದೆ. ಪಾಪ, ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕಿ, “ಈಗ ಸರಿ ಹೋಗುತ್ತೆ” ಅಂತ ಹೋದ. ಅದಾದ ಮೇಲೆ ಭಾನುವಾರ ಬೇಸ್‌ಮೆಂಟಿನಲ್ಲಿ ಸ್ಟಾರ್ಟ್ ಮಾಡೋದು, ಒರೆಸೋದು, ಆಫ್ ಮಾಡೋದು, ಮೇಲೆ ಬಂದು ದೋಸೆ ತಿನ್ನೋದು. ಚಾರ್ಮಾಡಿಯಲ್ಲಿ ನಿನ್ನನ್ನು ಹಿಂದೆ ಕೂರಿಸಿಕೊಂಡು ಹಾಡು ಹೇಳುತ್ತಿದ್ದವನು ನಾನೇನಾ ಅಂತ ನನಗೇ ಅನುಮಾನ.

ಇನ್ನೂ ಒಂದಿದೆ. ಇಷ್ಟು ಹೇಳಿದ ಮೇಲೆ ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಜಬಲ್ಪುರದವರು ಮೋಸಗಾರ ಆಗಿರಲಿ ಅಂತ ನಾನು ಒಳಗೊಳಗೇ ಬಯಸುತ್ತಿದ್ದೆ. ಒಂದೊಂದು ದಾಖಲೆ ಕೇಳುವಾಗಲೂ ಇದರಲ್ಲಿ ಸಿಕ್ಕಿಬೀಳುತ್ತಾರೆ, ಆಗ ಮಾರಬೇಕಿಲ್ಲ ಅಂತ ಆಸೆ. ಅವರೋ, ಕೇಳಿದ್ದಕ್ಕಿಂತ ಒಂದು ಕಾಗದ ಜಾಸ್ತಿಯೇ ಕಳಿಸುತ್ತಿದ್ದರು. ನೀನು ಗ್ರೂಪಿನಲ್ಲಿ “ವ್ಯವಹಾರ ಅಂದ್ರೆ ಇವನ ಹತ್ತಿರ ಕಲೀಬೇಕು” ಅಂತ ಹೆಬ್ಬೆರಳು ಎತ್ತಿದ್ದೆಯಲ್ಲ, ಆವತ್ತು ನಾನು ಮಾಡುತ್ತಿದ್ದದ್ದು ವ್ಯವಹಾರ ಅಲ್ಲ. ಹೆಣ್ಣು ಕೊಡಲು ಮನಸ್ಸಿಲ್ಲದ ಅಪ್ಪ ಜಾತಕದಲ್ಲಿ ದೋಷ ಹುಡುಕುವ ಹಾಗೆ ನಾನು ಅವರ ಕರೆಂಟ್ ಬಿಲ್ ನೋಡುತ್ತಿದ್ದೆ.

ಸರಿ, ರೈಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಂಘಮಿತ್ರ ಎಕ್ಸ್‌ಪ್ರೆಸ್‌ಗೆ ಪಾರ್ಸೆಲ್ ಬುಕ್ ಮಾಡಿದೆ, ಅದು ಜಬಲ್ಪುರದ ಮೇಲೇ ಹೋಗುತ್ತೆ. ಆರ್‌ಸಿ, ಇನ್ಶೂರೆನ್ಸ್, ಗುರುತಿನ ಚೀಟಿಯ ಪ್ರತಿ ಬೇಕು. ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲ್ ಇರಬಾರದು. ಮನೆಯಲ್ಲೇ ಪೈಪ್ ಹಾಕಿ ಖಾಲಿ ಮಾಡಿದ್ದೆ, ಆದರೂ ಅಲ್ಲಿ ಮುಚ್ಚಳ ತೆಗೆಸಿ ನೋಡಿದರು. ಪ್ಯಾಕ್ ಮಾಡುವವನು ಕನ್ನಡಿ ಬಿಚ್ಚಿ ಸೀಟಿಗೆ ಕಟ್ಟಿದ. ಹೆಡ್‌ಲೈಟಿಗೆ ಹುಲ್ಲು ತುಂಬಿ ಗೋಣಿ ಸುತ್ತಿದ. ಟ್ಯಾಂಕಿನ ಮೇಲೆ ಇನ್ನೊಂದು ಪದರ ಹಾಕು ಅಂದೆ. ಇನ್ನೂರು ಕೊಡಿ ಅಂದ, ಕೊಟ್ಟೆ. ಗಾಡಿಯ ಬೆಲೆಯನ್ನು ರಸೀದಿಯಲ್ಲಿ ಬರೆಸಿ ಅದಕ್ಕೊಂದಿಷ್ಟು ಹೆಚ್ಚು ಕಟ್ಟಿದರೆ ಹಾಳಾದಾಗ ಪರಿಹಾರ ಕೇಳೋಕೆ ದಾರಿ ಇರುತ್ತೆ, ಅದನ್ನು ಬಿಡಬೇಡಿ. ಎಲ್ಲಾ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಗಾಡಿ ಒಪ್ಪಿಸಿದ್ದಕ್ಕೆ ಬರೆದುಕೊಳ್ಳುವ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ.

ಗಾಡಿ ತಲುಪಿದೆ. ಒಂದು ಇಂಡಿಕೇಟರ್ ಗಾಜು ಒಡೆದಿತ್ತಂತೆ, ಅವರು ಅದರ ಬಗ್ಗೆ ಎರಡನೇ ಮಾತಾಡಲಿಲ್ಲ. ಫೋಟೋ ಕಳಿಸಿದ್ದಾರೆ. ನರ್ಮದೆಯ ದಂಡೆ, ಭೇಡಾಘಾಟ್, ಹಿಂದೆ ಅಮೃತಶಿಲೆಯ ಬಂಡೆಗಳು, ಮುಂದೆ ಪಟ್ಟದ ಆನೆ. ರೋಡಿನ ಮೇಲೆ ಓಡಿಸಿಕೊಂಡೇ ಹೋಗಿದ್ದಾರೆ, ಎಪ್ಪತ್ತರ ಹತ್ತಿರದ ಮನುಷ್ಯ. ನನಗೆ ಒಂದು ಮಾತೂ ಹೇಳದೆ ನನ್ನ ಮುಖಕ್ಕೆ ಹೊಡೆದ ಹಾಗಾಯ್ತು. ನಂಬರ್ ಪ್ಲೇಟ್ ಇನ್ನೂ ಕೆಎ 09. ದಿನಾ ರಾತ್ರಿ ಫೋನ್‌ನಲ್ಲಿ ಗಾಡಿಯ ದಾಖಲೆ ತೆಗೆದು ನೋಡುತ್ತೇನೆ. ಮಾರಿದವನು ಹೆಸರು ಬೇಗ ಬದಲಾಗಲಿ ಅಂತ ನೋಡಬೇಕು, ನಾನೇ ಮೇಲೆ ಅಷ್ಟು ಭಾಷಣ ಬಿಗಿದಿದ್ದೇನೆ. ನಾನು ಮಾತ್ರ ನನ್ನ ಹೆಸರು ಇನ್ನೂ ಇದೆ ಅಂತ ಕಂಡ ಮೇಲೆ ದೀಪ ಆರಿಸುತ್ತೇನೆ.

ಅಯ್ಯೋ, ಏನೇನೋ ಬರೆದುಬಿಟ್ಟೆ. ಓದುತ್ತಿರುವವರಲ್ಲಿ ನಮ್ಮ ಆಫೀಸಿನವರೂ ಇದ್ದಾರೆ, ನನ್ನನ್ನು ‘ರೈಡರ್’ ಅಂತ ಕರೆಯುವವರು. ಅವರಿಗೆ ಹೇಳುವುದಿಷ್ಟೆ: ಆ ಭಯದ ಭಾಗ ಸಾಹಿತ್ಯ, ಸೀರಿಯಸ್ ಆಗಿ ತಗೋಬೇಡಿ. ಬೇಸ್‌ಮೆಂಟಿನ ಭಾಗ ಇವಳ ಕುತಂತ್ರ.

ಸೀನ, ದುಡ್ಡು ಬ್ಯಾಂಕಿನಲ್ಲಿದೆ, ಸಾಲ ಕೇಳಬೇಡ. ನಿನ್ನ ಆ ಕೆಂಪು ಹೆಲ್ಮೆಟ್ ಇನ್ನೂ ನನ್ನ ಹತ್ತಿರವೇ ಇದೆ, ಯಾವುದು ಅಂತ ಗೊತ್ತಲ್ಲ, ಪೊಲೀಸಪ್ಪನ ಮುಂದೆ ಭರತನಾಟ್ಯ ಮಾಡಿದ್ದು. ಅದನ್ನೂ ಜಾಹೀರಾತಿಗೆ ಹಾಕಿದ್ದೇನೆ. ಆಗಲೇ ಇಬ್ಬರು ಸುಬೇದಾರರು, ಒಬ್ಬ ಕರ್ನಲ್ ಕೇಳಿದ್ದಾರೆ. ನಿನಗೆ ಬೇಕಿದ್ದರೆ ಮೊದಲು ಆಧಾರ್ ಕಳಿಸು, ಕೊನೆಯ ನಾಲ್ಕು ಅಂಕಿ ಬಿಟ್ಟು ಮುಚ್ಚಿ.

ಇಂತಿ ನಿನ್ನ,
ಮಾಜಿ ಮಾವುತ