ವಾರ್ ಫೈಲ್ ಮುಟ್ಟದೆ ಪ್ಲಗಿನ್ ಹಾಕುವ ಬಗ್ಗೆ

ಪ್ರೀತಿಯ ಪುಟ್ಟನಿಗೆ,

ನಿನ್ನ ಜಾವಾ ವೆಬ್ ಅಪ್ಲಿಕೇಶನ್‌ಗೆ ಒಂದು ಸಣ್ಣ ರಿಪೋರ್ಟ್ ಸೇರಿಸಲಿಕ್ಕೂ ಇಡೀ ವಾರ್ ಫೈಲನ್ನು (ಅಪ್ಲಿಕೇಶನ್ ಪೂರ್ತಿ ಕಟ್ಟಿಟ್ಟ ಫೈಲ್) ಮತ್ತೆ ಬಿಲ್ಡ್ ಮಾಡಬೇಕು ಅಂತ ಬೇಜಾರಿನಲ್ಲಿ ಬರೆದಿದ್ದೀಯ. ಒಂದು ಫೋಲ್ಡರ್‌ಗೆ ಪ್ಲಗಿನ್‌ನ, ಅಂದರೆ ಆಮೇಲೆ ಸೇರಿಸುವ ತುಂಡು ಕೋಡಿನ, ಜಾರ್ ಫೈಲ್ ಹಾಕಿದರೆ ಅಪ್ಲಿಕೇಶನ್ ತಾನೇ ಎತ್ತಿಕೊಳ್ಳಬೇಕು, ಅಲ್ವಾ? ಆಗುತ್ತದೆ. ಒಂದು ಇಂಟರ್‌ಫೇಸ್‌ಗೆ (ಪ್ಲಗಿನ್‌ನಲ್ಲಿ ಯಾವ ಮೆಥಡ್‌ಗಳಿರಬೇಕು ಅನ್ನುವ ಒಪ್ಪಂದ) ತಕ್ಕ ಕ್ಲಾಸ್‌ಗಳನ್ನು ಹುಡುಕಿಕೊಡುವ ಸರ್ವಿಸ್‌ಲೋಡರ್ 2006ರ ಜಾವಾ 6ರಿಂದಲೇ ಇದೆ.

ಆ ಫೋಲ್ಡರ್ ಮಾತ್ರ ವಾರ್ ಬಿಚ್ಚಿಕೊಳ್ಳುವ ಜಾಗದ ಒಳಗಿರಬಾರದು. ಹೊಸ ವಾರ್ ಹಾಕಿದ ದಿನ ನಿನ್ನ ಜಾರ್‌ಗಳೂ ಅಳಿಸಿಹೋಗುತ್ತವೆ. ಹೊರಗಿಟ್ಟು, ದಾರಿಯನ್ನು ಕಾನ್ಫಿಗ್‌ನಲ್ಲಿ ಬರೆ.

ನಾನು ಎಡವಿದ್ದು ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಕ್ಲಾಸ್‌ಲೋಡರ್‌ನಲ್ಲಿ. ಜಾರ್ ಓದಲು ಯುಆರ್‌ಎಲ್‌ಕ್ಲಾಸ್‌ಲೋಡರ್ ಮಾಡಿದೆ, ಅದರ ಪೇರೆಂಟ್ (ಕ್ಲಾಸ್ ಬೇಕಾದಾಗ ಅದು ಮೊದಲು ಕೇಳುವ ಲೋಡರ್) ಯಾವುದು ಅಂತ ಹೇಳಲಿಲ್ಲ. ಹೇಳದಿದ್ದರೆ ಅದು ಸಿಸ್ಟಂ ಲೋಡರನ್ನೇ ಪೇರೆಂಟ್ ಮಾಡಿಕೊಳ್ಳುತ್ತದೆ. ಅದಕ್ಕೆ ವೆಬ್ ಅಪ್ಲಿಕೇಶನ್ ಒಳಗಿನ ಕ್ಲಾಸ್‌ಗಳು ಕಾಣುವುದಿಲ್ಲ. ಇಂಟರ್‌ಫೇಸ್ ಸಿಗುತ್ತಿಲ್ಲ ಅಂತ ಎರರ್ ಬಂತು. ನಾನು ಜಾಣನ ಹಾಗೆ ಇಂಟರ್‌ಫೇಸ್‌ನ ಒಂದು ಕಾಪಿಯನ್ನು ಪ್ಲಗಿನ್ ಜಾರ್‌ಗೂ ತುರುಕಿದೆ. ಈಗ ಬೇರೆ ರಾಗ: ಈ ಪ್ಲಗಿನ್ ನಿನ್ನ ಇಂಟರ್‌ಫೇಸ್‌ನ ಸಬ್‌ಟೈಪ್ ಅಲ್ಲ! ಹೆಸರು ಅಕ್ಷರಕ್ಕೆ ಅಕ್ಷರ ಒಂದೇ. ಅರ್ಧ ರಾತ್ರಿ ಸ್ಪೆಲ್ಲಿಂಗ್ ನೋಡುತ್ತಾ ಕೂತಿದ್ದೆ. ಜಾವಾ ಕ್ಲಾಸನ್ನು ಹೆಸರಿನಿಂದ ಮಾತ್ರ ಗುರುತಿಸುವುದಿಲ್ಲ, ಯಾವ ಲೋಡರ್ ತಂದಿತು ಅಂತಲೂ ನೋಡುತ್ತದೆ. ಕಾಪಿ ತೆಗೆದೆ, ಇಂಟರ್‌ಫೇಸ್ ತಂದ ಲೋಡರನ್ನೇ ಪೇರೆಂಟ್ ಮಾಡಿದೆ, ಸರಿಹೋಯಿತು. ಸರ್ವಿಸ್‌ಲೋಡರ್‌ಗೂ ನೀನು ಮಾಡಿದ ಲೋಡರನ್ನು ಕೈಯಾರೆ ಕೊಡು, ಮರೀಬೇಡ.

ರೀಬಿಲ್ಡ್ ಬೇಡ ಅನ್ನೋದು ಬೇರೆ, ರೀಸ್ಟಾರ್ಟೂ ಬೇಡ ಅನ್ನೋದು ಬೇರೆ. ನೀನು ಎರಡನ್ನೂ ಒಟ್ಟಿಗೆ ಕೇಳುತ್ತಿದ್ದೀಯ. ಓಡುತ್ತಿರುವ ಪ್ಲಗಿನ್ ತೆಗೆಯಬೇಕಾದರೆ ಲೋಡರ್ ಕ್ಲೋಸ್ ಮಾಡಿದರೆ ಸಾಲದು. ಪ್ಲಗಿನ್ ಶುರುಮಾಡಿದ ಒಂದು ಥ್ರೆಡ್, ಥ್ರೆಡ್‌ಗೆ ಅಂಟಿಕೊಂಡ ಒಂದು ಥ್ರೆಡ್‌ಲೋಕಲ್ ಮೌಲ್ಯ, ಡೇಟಾಬೇಸ್ ಜೊತೆ ಮಾತಾಡಲು ರಿಜಿಸ್ಟರ್ ಆಗಿ ಉಳಿದ ಒಂದು ಜೆಡಿಬಿಸಿ ಡ್ರೈವರ್, ಯಾವುದು ಹಿಡಿದುಕೊಂಡಿದ್ದರೂ ಹಳೇ ಕ್ಲಾಸ್‌ಗಳು ಮೆಮೊರಿ ಬಿಟ್ಟು ಹೋಗುವುದಿಲ್ಲ. ಹೀಗೇ ಬದಲಾಯಿಸುತ್ತಾ ಹೋದರೆ ಕ್ಲಾಸ್‌ಗಳ ವಿವರ ಇಡುವ ಮೆಮೊರಿ, ಅಂದರೆ ಮೆಟಾಸ್ಪೇಸ್, ಉಬ್ಬುತ್ತಲೇ ಇರುತ್ತದೆ. ಬಿಲ್ಡ್ ಕೆಲಸ ತಾನೇ ಮಾಡುವ ಜೆನ್ಕಿನ್ಸ್ ಕೂಡ ಹೊಸ ಪ್ಲಗಿನ್ ಸೇರಿಸುವಾಗ ಸಾಮಾನ್ಯವಾಗಿ ರೀಸ್ಟಾರ್ಟ್ ಕೇಳುವುದಿಲ್ಲ, ಇರುವುದನ್ನು ಅಪ್‌ಡೇಟ್ ಮಾಡಿದರೆ ಕೇಳುತ್ತದೆ. ನೀನೂ ಅಷ್ಟಕ್ಕೇ ನಿಲ್ಲು. ಓಡುತ್ತಿರುವಾಗಲೇ ಪ್ಲಗಿನ್ ಹಾಕಿ ತೆಗೆಯಲು ಒಎಸ್‌ಜಿಐ ಅನ್ನುವ ವ್ಯವಸ್ಥೆ ಇದೆಯಲ್ಲ ಅನ್ನಬೇಡ. ನಾಲ್ಕು ಪ್ಲಗಿನ್‌ಗೆ ಅದು ಸುಮ್ನೆ ತಲೆನೋವು.

ಆ ಫೋಲ್ಡರ್‌ಗೆ ಬರೆಯುವ ಹಕ್ಕು ಎಲ್ಲರಿಗೂ ಕೊಡಬೇಡ. ಅಲ್ಲಿ ಬಿದ್ದ ಜಾರ್‌ಗೆ ನಿನ್ನ ಅಪ್ಲಿಕೇಶನ್‌ಗಿರುವ ಅಷ್ಟೂ ಅಧಿಕಾರ ಸಿಗುತ್ತದೆ. ಕೋಡ್‌ನ ಹಕ್ಕಿಗೆ ಮಿತಿ ಹಾಕುತ್ತಿದ್ದ ಜಾವಾದ ಸೆಕ್ಯೂರಿಟಿ ಮ್ಯಾನೇಜರ್ ಕಾಯುತ್ತದೆ ಅನ್ನುವ ಹಾಗೂ ಇಲ್ಲ, ಜಾವಾ 17ರಲ್ಲೇ ಅದನ್ನು ತೆಗೆದುಹಾಕುವ ಪಟ್ಟಿಗೆ ಸೇರಿಸಿದರು.

ಇಂಟರ್‌ಫೇಸ್ ಬರೆದ ಮೇಲೆ, ಬೇರೆಯವರ ಕೈಗೆ ಕೊಡುವ ಮೊದಲು ನನಗೆ ಕಳಿಸು. ನಾಲ್ಕು ಮೆಥಡ್‌ಗಿಂತ ಜಾಸ್ತಿ ಇದ್ದರೆ ಒಂದೊಂದಕ್ಕೂ ಯಾಕೆ ಅಂತ ಕೇಳುತ್ತೇನೆ.

ನಿನ್ನ
ಸೋದರಮಾವ